ಕೌದಿಯಲ್ಲಿ ಹೊಲಿದ ಹೆಸರುಗಳು

ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯು ನೂಲನ್ನು ನಂಬಿ ಬಾಳಿದ ಸೀಮೆ. ಒಂದೆಡೆ ಕುರಿಯುಣ್ಣೆಯ ಕಂಬಳಿ, ಮತ್ತೊಂದೆಡೆ ರೇಷ್ಮೆಯ ಸೀರೆ. ಎರಡೂ ಪೇಟೆಗೆ ಹೋಗುವ ಸರಕು. ಮನೆಯಲ್ಲಿಯೇ ಉಳಿಯುವುದು ಕೌದಿ. ಗತಿಸಿದ ಹಿರಿಯರ ಸೀರೆ, ಪಂಚೆಗಳ ತುಂಡುಗಳು ಅದರಲ್ಲಿ ಸೇರಿ ಮೊಮ್ಮಕ್ಕಳಿಗೆ ಹೊದಿಕೆಯಾಗುವುದುಂಟು. ಇಂತಹ ತೇಪೆಯ ಬಟ್ಟೆಯೇ ಅಮೆರಿಕದಲ್ಲಿ ಏಡ್ಸ್ ರೋಗದಿಂದ ಮಡಿದವರ ಸ್ಮಾರಕವಾದ ವೃತ್ತಾಂತವು ನಮ್ಮ ವಾಚಕರು ತಿಳಿಯತಕ್ಕದ್ದಾಗಿದೆ.

1985ರ ನವೆಂಬರಿನಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದ ಮೆರವಣಿಗೆಯೊಂದರಲ್ಲಿ ಕ್ಲೀವ್ ಜೋನ್ಸ್ ಎಂಬವರು, ಈ ರೋಗಕ್ಕೆ ಬಲಿಯಾದ ಆಪ್ತರ ಹೆಸರುಗಳನ್ನು ಫಲಕಗಳ ಮೇಲೆ ಬರೆಯುವಂತೆ ಜನರನ್ನು ಕೋರಿದರು. ಸರಕಾರಿ ಕಟ್ಟಡದ ಗೋಡೆಗೆ ಅಂಟಿಸಿದ ಆ ಫಲಕಗಳು ಅವರಿಗೆ ಕೌದಿಯಂತೆ ಕಂಡವು. 1987ರಲ್ಲಿ ಅದು ನಿಜವಾದ ಕೌದಿಯೇ ಆಯಿತು. ಒಂದೊಂದು ಪಟ್ಟಿಯ ಅಗಲ 3 ಅಡಿ, ಉದ್ದ 6 ಅಡಿ. ಅಂದರೆ ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ಇದಕ್ಕೆ ಕಾರಣವಿಲ್ಲದಿಲ್ಲ. ಅಂತ್ಯಸಂಸ್ಕಾರ ನಡೆಸುವವರೂ, ಕೆಲವೊಮ್ಮೆ ಹೆತ್ತವರೂ ಆ ದೇಹಗಳಿಂದ ದೂರ ಸರಿದಿದ್ದ ಕಾಲವದು. ತಾಯಂದಿರೂ ಮಿತ್ರರೂ ಸತ್ತವರ ಅಂಗಿಯನ್ನೋ, ಮಗುವಾಗಿದ್ದಾಗಿನ ಆಟಿಕೆಯನ್ನೋ ಸೇರಿಸಿ ಹೆಸರು ಹೊಲಿದರು. ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ಪಟ್ಟಿಗಳನ್ನು ಹಾಸಿ, ಹೆಸರುಗಳನ್ನು ಗಟ್ಟಿಯಾಗಿ ಓದಲಾಯಿತು. ಇಂದು ಸುಮಾರು 50,000 ಪಟ್ಟಿಗಳಿದ್ದು, ಒಟ್ಟು ತೂಕ 54 ಟನ್ನು. ಬಟ್ಟೆಯನ್ನು ಮೀಟರಿನಲ್ಲಿ ಅಳೆಯುವ ವರ್ತಕನಿಗೆ ಈ ಲೆಕ್ಕ ಸುಲಭವಾಗಿ ಹತ್ತದು.

ಮೃತರನ್ನು ನೆನೆಯುವ ಪರಿಪಾಠವು ನಮ್ಮಲ್ಲಿ ಹೊಸತಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆಯೆಂಬುದು ಎಲ್ಲರಿಗೂ ವಿದಿತ. ಅದೇ ನೆಲದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬೃಹತ್ ಶಿಲಾಸಮಾಧಿಗಳನ್ನು ಅಗೆದು ನೋಡಿದರು. ಅಲ್ಲಿ ಕಲ್ಲುಂಟು, ಮಡಕೆಯುಂಟು, ಹೆಸರಿಲ್ಲ. ಶ್ರವಣಬೆಳಗೊಳದ ನಿಷಿಧಿಗಳಲ್ಲಾದರೋ ಹೆಸರೇ ಪ್ರಧಾನ. ಶಾಂತಲಾದೇವಿಯ ತಾಯಿ ಮಾಚಿಕಬ್ಬೆಯ ಅಂತ್ಯವನ್ನು ನಾವು ಬಲ್ಲುದು ಕಲ್ಲಿನ ಬರಹದಿಂದಲೇ. ಸಲ್ಲೇಖನವು ಸಂಕಲ್ಪಪೂರ್ವಕವಾದ ವ್ರತ, ರೋಗವು ಬಯಸದೆ ಬಂದ ಆಪತ್ತು. ಇವೆರಡನ್ನೂ ಸಮಗೊಳಿಸುವುದು ಸಲ್ಲದು. ಆದರೆ ಮೃತರ ಹೆಸರು ಉಳಿಯಬೇಕೆಂಬ ಬಯಕೆ ಮಾತ್ರ ಒಂದೇ.

ಭಾರತದಲ್ಲಿ ಈ ಸೋಂಕು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಸರಕಾರವು ಉಚಿತ ಔಷಧವನ್ನು ನೀಡತೊಡಗಿದುದು 2004ರಲ್ಲಿ. ನಡುವಣ ವರ್ಷಗಳಲ್ಲಿ ಕರ್ನಾಟಕವು ಹೆಚ್ಚು ಬಾಧಿತವಾದ ರಾಜ್ಯಗಳಲ್ಲೊಂದು. ಅನೇಕ ಮನೆಗಳಲ್ಲಿ ಮರಣಕಾರಣವನ್ನು ಕ್ಷಯವೆಂದೋ ವಿಷಮಜ್ವರವೆಂದೋ ಹೇಳಿ ಮಾತು ಮುಗಿಸಲಾಯಿತು. ಕಾರಣವನ್ನು ಮರೆಮಾಡಹೊರಟವರು ಕ್ರಮೇಣ ವ್ಯಕ್ತಿಯ ಪ್ರಸ್ತಾಪವನ್ನೇ ಬಿಡುವುದು ಮನುಷ್ಯಸ್ವಭಾವ. ಹಾಗೆಂದು ಪರರು ಹೋಗಿ ಆ ಹೆಸರುಗಳನ್ನು ಬಯಲಿಗೆಳೆಯುವುದೂ ತರವಲ್ಲ. ಸೋಂಕಿತರ ಗೌಪ್ಯವನ್ನು ಕಾಪಾಡಲು 2017ರಲ್ಲಿ ಕಾಯಿದೆಯೇ ಆಗಿದೆ. ಪುಣ್ಯತಿಥಿಯ ಪೂಜೆಗೆಂದು ಬಸದಿಗೆ ಹೆಸರು ಬರೆಸಲು ಬಂದವರನ್ನು, ಹೇಗೆ ತೀರಿಕೊಂಡರೆಂದು ಕೇಳದೆ ಬರೆದುಕೊಳ್ಳುವಷ್ಟು ಸೌಜನ್ಯವನ್ನು ಟ್ರಸ್ಟಿನವರು ತೋರಬಹುದು. ಅಮೆರಿಕದ ಆ ಕೌದಿಯಲ್ಲಿಯೂ ಪೂರ್ಣ ಹೆಸರಿಲ್ಲದ ಪಟ್ಟಿಗಳಿವೆ. ಹೊಲಿದವರು ಅಲ್ಲಿ ಮೊದಲಕ್ಷರವನ್ನಷ್ಟೇ ಇಟ್ಟಿದ್ದಾರೆ.