ಚಕ್ರವ್ಯೂಹದ ನಡುವಣ ಏಕಾಕಿ

ಒಳಹೊಕ್ಕವನಿಗೆ ಹೊರದಾರಿ ತೋರದ ರಚನೆಯ ಕಲ್ಪನೆಯು ಹಲವು ಜನಾಂಗಗಳ ಸಾಹಿತ್ಯದಲ್ಲಿ ಕಂಡುಬರುತ್ತದೆ. ಗ್ರೀಕರ ಪುರಾಣದಲ್ಲಿ, ಕ್ರೀಟ್ ದ್ವೀಪದ ಅರಸನಾದ ಮಿನೋಸನು ಡೀಡಲಸನೆಂಬ ಶಿಲ್ಪಿಯಿಂದ ಕಟ್ಟಿಸಿದ ಸುತ್ತುದಾರಿಯ ಮನೆಯಲ್ಲಿ ಗೂಳಿಯ ತಲೆಯುಳ್ಳ ಮಿನೊಟಾರನಿದ್ದನು; ಥೀಸಿಯಸನು ನೂಲಿನ ನೆರವಿನಿಂದ ಒಳಹೊಕ್ಕು, ಅವನನ್ನು ಕೊಂದು ಹೊರಬಂದನು. ನಮ್ಮಲ್ಲಿ ಮಹಾಭಾರತದ ಚಕ್ರವ್ಯೂಹವು ಪ್ರಸಿದ್ಧವಾದುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ 12ನೆಯ ಶತಮಾನದ ಶಿಲ್ಪಿಯು ಅದನ್ನು ಸುತ್ತುಸುತ್ತಾದ ದಾರಿಯಾಗಿಯೇ ಕಂಡರಿಸಿರುವನು. ಗ್ರೀಕರ ಕಥೆಯಲ್ಲಿ ನಡುವೆ ಇರುವವನು ರಾಕ್ಷಸ. ನಮ್ಮದರಲ್ಲಾದರೋ ನಡುವೆ ಒಬ್ಬಂಟಿಯಾಗಿ ಮಡಿಯುವವನು ಬಾಲಕನಾದ ಅಭಿಮನ್ಯು.

1947ರಲ್ಲಿ ಆರ್ಜೆಂಟೀನದ ಲೇಖಕ ಬೋರ್ಹೆಸನು ಮಿನೊಟಾರನ ಕಥೆಯನ್ನು ಅವನ ಬಾಯಿಂದಲೇ ಹೇಳಿಸಿದನು. ಅಲ್ಲಿ ರಾಕ್ಷಸನು ತನ್ನನ್ನು ಬಿಡಿಸುವವನು ಬರುವನೆಂದು ಕಾಯುವ ಏಕಾಕಿ. ಕಥೆ ಹೇಳುವವನು ಬದಲಾದೊಡನೆ ಕ್ರೌರ್ಯದ ಎಡೆಯಲ್ಲಿ ಏಕಾಂತವು ತೋರಿತು.

ಇದಕ್ಕೂ ಮೊದಲೇ, 1943ರಲ್ಲಿ, ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ಬೆಟ್ಟದ ಜೀವ’ವನ್ನು ಪ್ರಕಟಿಸಿದರು. ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೇ ಅದರ ನಿರೂಪಕ. ಈ ಸುತ್ತುದಾರಿಯನ್ನು ಯಾವ ಶಿಲ್ಪಿಯೂ ಕಟ್ಟಿದುದಲ್ಲ; ಅದು ಬೆಟ್ಟ, ಹೊಳೆ, ಮರಗಳಿಂದಾದುದು. ಅದರ ನಡುವೆ ಅವನು ಕಾಣುವುದು ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯನನ್ನೂ ಅವನ ಮಡದಿ ಶಂಕರಿಯನ್ನೂ. ಮನೆ ಬಿಟ್ಟುಹೋದ ಮಗ ಶಂಭುವಿಗಾಗಿ ಅವರು ಕಾಯುತ್ತಿರುವರು. ಹೊಕ್ಕವನು ಗ್ರೀಕರಲ್ಲಿ ಕೊಲ್ಲುತ್ತಾನೆ, ಚಕ್ರವ್ಯೂಹದಲ್ಲಿ ಕೊಲ್ಲಲ್ಪಡುತ್ತಾನೆ. ಇಲ್ಲಿಯಾದರೋ ಅವನಿಗೆ ಊಟ ಬಡಿಸಲಾಗುತ್ತದೆ.

ಕಾದಂಬರಿಯು ಇತಿಹಾಸದ ದಾಖಲೆಯಲ್ಲ. ಆದರೂ ಅದರಿಂದ ಇತಿಹಾಸದ ವಿದ್ಯಾರ್ಥಿಯು ಕಲಿಯತಕ್ಕದ್ದುಂಟು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಬಳಿಕ ಅಮರ ಸುಳ್ಯದ ಪ್ರದೇಶವನ್ನು ಕನ್ನಡ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಲಾಯಿತು. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರನ್ನು ಹೊಕ್ಕರು. ಆ ಘಟನೆಗೆ ಬಹುಕಾಲ ಅಂಟಿಕೊಂಡ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ‘ಕಾಟಕಾಯಿ’ ಎಂದರೆ ಲೂಟಿ, ಉಪದ್ರವ. ಒಂದೇ ಶಬ್ದದಿಂದ ಕಾಡಿನಿಂದ ಇಳಿದು ಬಂದವರು ರಾಕ್ಷಸರಾದರು. ಕಂದಾಯದ ಸಂಕಟವು ಮರೆಗೆ ಸಂದಿತು. ಅದನ್ನು ರೈತರ ಹೋರಾಟವೆಂದು ಕರೆಯುವ ರೂಢಿ ತೀರ ಈಚಿನದು.

ಘಟ್ಟದ ತಪ್ಪಲಿನ ಜನರನ್ನು ಕುರಿತ ಬರಹಗಳನ್ನು ಓದುವಾಗ, ಅವು ಹೊರಗೆ ನಿಂತವನ ಮಾತೋ ಒಳಗೆ ಬಾಳಿದವನ ಮಾತೋ ಎಂಬುದನ್ನು ನಾವು ಮೊದಲು ವಿಚಾರಿಸತಕ್ಕದ್ದು. ಥೀಸಿಯಸನ ಸಾಕ್ಷ್ಯವೊಂದರಿಂದಲೇ ಮಿನೊಟಾರನ ಚರಿತ್ರೆಯನ್ನು ಬರೆಯಲಾಗದು.