ವಜಾ ಆದರೂ ಗೆದ್ದ ಅರ್ಜಿ

ಸಂವಿಧಾನದ 14, 15 ಮತ್ತು 16ನೆಯ ವಿಧಿಗಳನ್ನು ಪೌರನೀತಿಯ ಪಾಠದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಸುಲಭ. ಆ ವಿಧಿಗಳು ಪುಸ್ತಕದಿಂದ ಸರ್ಕಾರಿ ಕಚೇರಿಯೊಳಕ್ಕೆ ಕಾಲಿಡಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಮನಗಾಣಿಸುವುದು ಕಷ್ಟ. ಅದಕ್ಕಾಗಿ ನಾನು ತರಗತಿಯಲ್ಲಿ ಆರಿಸಿಕೊಳ್ಳುತ್ತಿದ್ದ ನಿದರ್ಶನ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮನವರದು.

1924ರಲ್ಲಿ ವಿರಾಜಪೇಟೆಯಲ್ಲಿ ಜನಿಸಿದ ಮುತ್ತಮ್ಮನವರು ಒಂಬತ್ತರ ಎಳವೆಯಲ್ಲೇ, ಅರಣ್ಯಾಧಿಕಾರಿಯಾಗಿದ್ದ ತಂದೆಯನ್ನು ಕಳೆದುಕೊಂಡರು. ಮಡಿಕೇರಿ, ಮದರಾಸುಗಳಲ್ಲಿ ಓದಿ, 1948ರಲ್ಲಿ ಕೇಂದ್ರ ಲೋಕಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆಯೆನಿಸಿದರು. ಸಂದರ್ಶನ ಮಂಡಳಿಯ ಅಧ್ಯಕ್ಷರು ಈ ಸೇವೆಯೇ ಬೇಡವೆಂದು ಮನವೊಲಿಸಲೆತ್ನಿಸಿದರೆಂದೂ, ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ತಮ್ಮಿಂದ ಮುಚ್ಚಳಿಕೆ ಬರೆಸಿಕೊಂಡರೆಂದೂ ಅವರು ಮುಂದೆ ನ್ಯಾಯಾಲಯದಲ್ಲಿ ನಿವೇದಿಸಿಕೊಂಡರು.

ಸಂವಿಧಾನ ಜಾರಿಗೆ ಬಂದು 11 ವರ್ಷಗಳಾದ ಮೇಲೂ, 1961ರ ಸೇವಾ ನಿಯಮಗಳು ಈ ಧೋರಣೆಯನ್ನೇ ಎತ್ತಿಹಿಡಿದವು. ಮಹಿಳಾ ಅಧಿಕಾರಿಯು ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಹೊಣೆಯಿಂದ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ಆಕೆಯ ರಾಜೀನಾಮೆಯನ್ನು ಕೇಳಬಹುದು. ವಿವಾಹಿತೆಗೆ ನೇಮಕವನ್ನು ಹಕ್ಕಾಗಿ ಕೇಳಲು ಅವಕಾಶವಿಲ್ಲವೆಂದು ಮತ್ತೊಂದು ನಿಯಮ ಸಾರಿತ್ತು. ಪುರುಷ ಅಧಿಕಾರಿಗೆ ಇಂಥ ಯಾವ ಕಟ್ಟುಪಾಡೂ ಇರಲಿಲ್ಲ.

1970ರಲ್ಲಿ ಹಂಗೇರಿಯ ರಾಯಭಾರಿಯಾದ ಮುತ್ತಮ್ಮನವರಿಗೆ ಮುಂದೆ ಪ್ರಥಮ ದರ್ಜೆಗೆ ಬಡ್ತಿ ಕೊಡದೆ, ಅರ್ಹತೆ ಸಾಲದೆಂದು ಹೇಳಲಾಯಿತು. ಕಿರಿಯರು ಮುಂದೆ ಹೋದರು. ಅವರು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅರ್ಜಿ ಇನ್ನೂ ವಿಚಾರಣೆಯಲ್ಲಿರುವಾಗಲೇ ಸರ್ಕಾರ ಬಡ್ತಿ ನೀಡಿತು!

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್ ತೀರ್ಪಿತ್ತರು. ಬಡ್ತಿ ದೊರೆತುದರಿಂದ ಅರ್ಜಿ ವಜಾ ಆಯಿತು. ಆಕೆಯ ಸೇವಾ ಹಿರಿತನವನ್ನು ಮರುಪರಿಶೀಲಿಸುವಂತೆ ಸರ್ಕಾರಕ್ಕೆ ಸೂಚನೆ ಹೋಯಿತು. ಆದರೆ ತೀರ್ಪಿನ ತೂಕವಿರುವುದು ಅದರ ವಿವೇಚನೆಯಲ್ಲಿ. ಸಂಸಾರ ಹೆಣ್ಣಿನ ಕರ್ತವ್ಯಕ್ಕೆ ತೊಡಕಾಗುವುದಾದರೆ ಗಂಡಿನದಕ್ಕೆ ಏಕಾಗದು ಎಂದು ಕೃಷ್ಣ ಅಯ್ಯರ್ ಕೇಳಿದರು. ಎಲ್ಲ ಉದ್ಯೋಗಗಳಲ್ಲೂ ಎಲ್ಲ ಸಂದರ್ಭಗಳಲ್ಲೂ ಭೇದವೇ ಸಲ್ಲದೆಂದು ಅವರು ಹೇಳಲಿಲ್ಲ. ಭೇದಕ್ಕೆ ಕಾರಣವನ್ನು ತೋರಿಸಲಾಗದ ಕಡೆ ಸಮಾನತೆಯೇ ನಡೆಯಬೇಕೆಂದರು. ಒಂದು ನಿಯಮ 1973ರಲ್ಲೇ ರದ್ದಾಗಿದೆ, ಇನ್ನೊಂದು ರದ್ದಾಗಲಿದೆ ಎಂದು ಸರ್ಕಾರ ಅರಿಕೆ ಮಾಡಿಕೊಂಡಿತ್ತು. ಯಾರಾದರೂ ಅರ್ಜಿ ಹಾಕಲೆಂದು ಕಾಯದೆ ಎಲ್ಲ ಸೇವಾ ನಿಯಮಗಳಿಂದಲೂ ಈ ಕಳಂಕವನ್ನು ತೊಳೆಯಬೇಕೆಂದು ನ್ಯಾಯಾಲಯ ಬುದ್ಧಿಮಾತು ಹೇಳಿತು.

ಬುದ್ಧಿಮಾತು ಎಲ್ಲರ ಕಿವಿಗೂ ಬೀಳಲಿಲ್ಲ. 1981ರಲ್ಲಿ ಏರ್ ಇಂಡಿಯಾದ ಗಗನಸಖಿ ನರ್ಗೇಶ್ ಮಿರ್ಜಾ ಅವರ ಪ್ರಕರಣದಲ್ಲಿ, ಮೊದಲ ಗರ್ಭಧಾರಣೆಗೇ ಕೆಲಸ ಕಳೆಯುವ ನಿಯಮವನ್ನು ಅದೇ ನ್ಯಾಯಾಲಯ ತೊಡೆದುಹಾಕಿತಾದರೂ, ಸೇವೆಯ ಮೊದಲ ನಾಲ್ಕು ವರ್ಷ ಮದುವೆ ಕೂಡದೆಂಬ ನಿರ್ಬಂಧವನ್ನು ಉಳಿಸಿಕೊಂಡಿತು. 1988ರಲ್ಲಿ, ಅಂದರೆ ಮುತ್ತಮ್ಮನವರ ತೀರ್ಪು ಬಂದು ಒಂಬತ್ತು ವರ್ಷಗಳ ನಂತರ, ಮದುವೆಯಾದಳೆಂಬ ಕಾರಣಕ್ಕೆ ಸೇನಾ ಶುಶ್ರೂಷಾ ಸೇವೆಯಿಂದ ಅಧಿಕಾರಿಯೊಬ್ಬರನ್ನು ಬಿಡುಗಡೆ ಮಾಡಲಾಯಿತು. ಅದು ತಪ್ಪೆಂದು ಸರ್ವೋಚ್ಚ ನ್ಯಾಯಾಲಯ ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ಆ ವೇಳೆಗೆ 36 ವರ್ಷಗಳು ಸಂದುಹೋಗಿದ್ದವು. ಹಣ ಸಿಕ್ಕಿತು, ಸಮವಸ್ತ್ರ ತೊಟ್ಟು ದುಡಿಯಬಹುದಾಗಿದ್ದ ವಯಸ್ಸು ಮರಳಲಿಲ್ಲ.

ಮುತ್ತಮ್ಮನವರು ಅವಿವಾಹಿತೆಯಾಗಿಯೇ ಉಳಿದರು, ನೆದರ್ಲೆಂಡ್ಸ್‌ನಲ್ಲಿ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು, 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇಂದು ವಿದೇಶಾಂಗ ಸೇವೆಗೆ ಸೇರುವ ಹೆಣ್ಣುಮಕ್ಕಳಿಂದ ಯಾರೂ ಮುಚ್ಚಳಿಕೆ ಬರೆಸಿಕೊಳ್ಳುವುದಿಲ್ಲ. ಅಂಥದೊಂದು ಕಾಗದ ಒಂದು ಕಾಲಕ್ಕೆ ಇತ್ತೆಂಬುದೂ ಅವರಲ್ಲಿ ಅನೇಕರಿಗೆ ತಿಳಿದಿರಲಾರದು. ತಿಳಿದಿರಬೇಕು ಎಂಬುದಷ್ಟೇ ಈ ಹಳೆಯ ಮೇಷ್ಟರ ಆಸೆ.