ಬ್ಯಾಂಕುಗಳ ದ್ರವ್ಯತಾ ನಿರ್ವಹಣೆ

ಠೇವಣಿದಾರನು ಬಯಸಿದ ಕ್ಷಣದಲ್ಲಿಯೇ ಹಣವನ್ನು ಹಿಂದಿರುಗಿಸಲು ಬದ್ಧವಾಗಿದ್ದು, ಅದೇ ಹಣವನ್ನು ಹಲವು ವರ್ಷಗಳ ತರುವಾಯವಲ್ಲದೆ ಮರಳಿ ಬಾರದ ಸಾಲಗಳಲ್ಲಿ ತೊಡಗಿಸಿರುವ ಬ್ಯಾಂಕು, ನಗದಿನ ಅಭಾವಕ್ಕೆ ಸಿಲುಕದಂತೆ ಕೈಕೊಳ್ಳುವ ಮುನ್ನೆಚ್ಚರಿಕೆಗಳ ಸಮುಚ್ಚಯ. ಭಾರತದಲ್ಲಿ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 24ನೆಯ ಪ್ರಕರಣದ ಮೇರೆಗೆ ಬ್ಯಾಂಕುಗಳು ನಗದು, ಚಿನ್ನ, ಸರ್ಕಾರಿ ಸಾಲಪತ್ರಗಳನ್ನು ನಿಗದಿತ ಪ್ರಮಾಣದಲ್ಲಿ ಇರಿಸಿಕೊಳ್ಳತಕ್ಕುದು. ಲಾಭಕ್ಕೆ ತೊಡಕಾದರೂ ಇದು ಯುಕ್ತವಾದ ನಿರ್ಬಂಧ. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕು ಹಣದ ಪೇಟೆಯಲ್ಲಿ ಅಲ್ಪಾವಧಿಯ ಸಾಲವೆತ್ತಿ ದೀರ್ಘಾವಧಿಯ ಗೃಹಸಾಲಗಳನ್ನು ನೀಡುತ್ತಿದ್ದುದರಿಂದ, 2007ರ ಆಗಸ್ಟಿನಲ್ಲಿ ಆ ಸೆಲೆ ಬತ್ತಿದೊಡನೆ ತತ್ತರಿಸಿತು. ಸೆಪ್ಟೆಂಬರ್ 14ರಂದು ಅದರ ಶಾಖೆಗಳ ಬಾಗಿಲಿನಿಂದ ಬೀದಿಯುದ್ದಕ್ಕೂ ಠೇವಣಿದಾರರು ಸಾಲುಗಟ್ಟಿ ನಿಂತರು. ಬ್ಯಾಂಕು ದಿವಾಳಿಯಾಗಿಲ್ಲವೆಂದು ಅಧಿಕಾರಿಗಳು ಸಾರಿದರೂ ಕರಗದ ಆ ಸಾಲು, ಠೇವಣಿಗಳಿಗೆ ಸರ್ಕಾರವೇ ಹೊಣೆಯೆಂದು 17ರಂದು ಘೋಷಿಸಿದ ತರುವಾಯವಷ್ಟೇ ಕರಗಿತು.